ಹಾಲ್‌ನ್ಯಾಗ ಹೇಳಿದ್ದು ಕೇಳ್ತದ, ಗೇಟ್ ತೆಗದ್ರ ಕೇಳಂಗಿಲ್ಲ: 8 ತಿಂಗಳ ನಾಯಿಗಿ ಹೆಂಗ ಕಲಿಸಬೇಕು?

ತೊಗರಿ_ಕಣಜ (ಕಲಬುರಗಿ):
ನಮಸ್ಕಾರ್ರಿ ಎಲ್ಲರಿಗೂ. ಮನ್ಯಾಗ 8 ತಿಂಗಳ ಹೆಣ್ಣು ನಾಯಿ ಅದ, ನಮ್ಮ ಊರ ಜಾತಿದೇ. ಹೆಸರು ಚಿನ್ನಿ, ತೂಕ 14 ಕಿಲೋ, ಲಸಿ ಎಲ್ಲಾ ಆಗ್ಯಾವ. ಕೈಯಾಗ ತಿನ್ನೋದು ಇದ್ರ ಹಾಲ್‌ನ್ಯಾಗ ಕೂಡ್ತದ, ಕೈ ಕೊಡ್ತದ. ಗೇಟ್ ತೆಗದ್ರ ಮುಗೀತು, ಎಷ್ಟು ಕೂಗಿದ್ರೂ ತಿರುಗಿ ನೋಡಂಗಿಲ್ಲ. ಯಾರರೆ ಮನಿಗಿ ಬಂದ್ರ ಎರಡೂ ಕಾಲು ಅವರ ಎದಿ ಮ್ಯಾಲ. ಆಯಿಗಿ 70 ದಾಟ್ಯದ, ಎಲ್ಲಿ ಕೆಡವ್ತದೋ ಅಂತ ಅದೇ ಚಿಂತಿ. ಮನ್ಯಾಗ ಆರು ಮಂದಿ ಇದ್ದೀವಿ. ಆಯಿ ‘ಕುಂದ್ರು’ ಅಂತಾಳ, ತಮ್ಮ ‘ಬೈಠ್’ ಅಂತಾನ, ಮಕ್ಕಳು ‘ಸಿಟ್’. ತತ್ತಿ, ಮಾಂಸ ಮನ್ಯಾಗ ಬರಂಗಿಲ್ಲ. ದಿನಾ ಅರ್ಧ ತಾಸು ಕೊಡ್ಲಾಕ ತಯಾರ ಇದ್ದೀವಿ. ಎಲ್ಲಿಂದ ಸುರು ಮಾಡಬೇಕು, ತಿಳದವರು ಹೇಳ್ರಿ.

ಶಹಾಬಾದ್_ಫರಸಿ:
ಅರ್ಧ ತಾಸು ಒಂದೇ ಸಲ ಬ್ಯಾಡ್ರಿ. ಐದೈದು ನಿಮಿಷದಂಗ ದಿನಕ್ಕ ಮೂರು ಸಲ ಸಾಕು. ಅದಕ್ಕಿಂತ ಹೆಚ್ಚಾದ್ರ ನಾಯಿ ಆಕಳಿಸ್ತದ, ನೆಲ ಮೂಸ್ತದ, ಮೈ ಕೆರ್ಕೊಳ್ತದ. ಅದು ಮೊಂಡತನ ಅಲ್ಲ, ದಣದದ ಅಂತ ತಿಳ್ಕೊರಿ.

ಮೊದಲ ಮನಿ ಮಂದಿಗಿ ಕಲಸ್ರಿ, ಆಮ್ಯಾಲ ನಾಯಿಗಿ. ನಾಯಿಗಿ ಕನ್ನಡನೂ ಇಲ್ಲ, ಉರ್ದುನೂ ಇಲ್ಲ, ಬರೇ ಸಪ್ಪಳ. ಒಂದು ಕೆಲಸಕ್ಕ ಮೂರು ಸಪ್ಪಳ ಅಂದ್ರ ಒಂದೂ ಗಟ್ಟಿ ಆಗಂಗಿಲ್ಲ. ಚಿನ್ನಿ ಹಾಲ್‌ನ್ಯಾಗ ಕೂಡೋದು ನಿಮ್ಮ ಮಾತು ಕೇಳಿ ಅಲ್ಲ, ಕೈ ನೋಡಿ. ಬೇಕಾದ್ರ ಎರಡೂ ಕೈ ಬೆನ್ನಹಿಂದ ಕಟ್ಕೊಂಡು, ತಲಿ ಅಲ್ಲಾಡಿಸದಂಗ ನಿಂತು ಒಂದೇ ಸಲ ಹೇಳಿ ನೋಡ್ರಿ.

ಒಂದು ಹಾಳ್ಯಾಗ ಆರು ಮಾತು ಬರದು ಫ್ರಿಜ್ ಮ್ಯಾಲ ಹಚ್ಚರಿ: ಕುಂದ್ರು, ತಡಿ, ಬಿಡು, ಚಾಪಿ (ತನ್ನ ತಟ್ಟಿನ ಮ್ಯಾಲ ಹೋಗಿ ಇರು ಅಂತ), ನಡಿ, ಮತ್ತ ಕರಿಯೋ ಮಾತು ಒಂದು. ‘ಕೂಡು’ ಬ್ಯಾಡ ಅಂತೀನಿ, ಯಾಕಂದ್ರ ದೂರದಿಂದ ‘ಕೂಡು’, ‘ಬಿಡು’ ಎರಡೂ ಒಂದೇ ಥರ ಕೇಳಸ್ತಾವ. ಕರೀಲಾಕ ‘ಬಾ’ನೂ ಬ್ಯಾಡ್ರಿ. ಊಟಕ್ಕ ಬಾ, ಒಳಗ ಬಾ ಅಂತ ದಿನಾ ನೂರು ಸಲ ಆಡೋ ಮಾತು ಅದು. ನಾಯಿ ಕಿವಿಗಿ ಆಗಲೇ ಸವದು ಹೋಗ್ಯದ. ಹತ್ತಿಪ್ಪತ್ತು ರೂಪಾಯಿ ಸೀಟಿ ತಗೊಂಡು ಎರಡು ಸಲ ಸಣ್ಣಗ ಊದೋದು ಛಲೋ. ಆಯಿ ಊದಿದ್ರೂ, ಮಕ್ಕಳು ಊದಿದ್ರೂ ಅದೇ ಸಪ್ಪಳ, ಸಿಟ್ಟು ಗಂಟಲಾಗ ಬಂದ್ರೂ ಸೀಟ್ಯಾಗ ಬರಂಗಿಲ್ಲ.

ಆಮ್ಯಾಲ ಒಂದು ಗುರುತಿನ ಮಾತು ಬೇಕು. ‘ಭೇಷ್’ ಇಟ್ಕೊರಿ. ‘ಈಗ ಮಾಡಿದಿ ನೋಡು, ಅದೇ ಸರಿ’ ಅಂತ ಆ ಕ್ಷಣಕ್ಕ ಗುರುತು ಹಾಕೋದು ಅದರ ಕೆಲಸ. ಮೊದಲನೇ ದಿನ ನಾಯಿಗಿ ಏನೂ ಹೇಳಬ್ಯಾಡ್ರಿ. ‘ಭೇಷ್’ ಅನ್ರಿ, ಒಂದು ಸೆಕೆಂಡ್ ಬಿಟ್ಟು ತಿನ್ಲಾಕ ಕೊಡ್ರಿ, ಹಿಂಗ 15-20 ಸಲ. ಬ್ಯಾರೆ ಕಡಿ ನೋಡೋ ಹೊತ್ತಿನ್ಯಾಗ ‘ಭೇಷ್’ ಅಂದ್ರ ಕುತ್ತಿಗಿ ನಿಮ್ಮ ಕಡಿ ಹೊಳ್ಳಿತು ಅಂದ್ರ ತಯಾರಾಯ್ತು. ಕುಂದ್ರು ಕಲಿಸೋ ಮುಂದ ಕುಂಡಿ ನೆಲಕ್ಕ ಹತ್ತಿದ ಕ್ಷಣಕ್ಕೇ ‘ಭೇಷ್’ ಬರಬೇಕು. ಎರಡು ಸೆಕೆಂಡ್ ತಡ ಆದ್ರ ಅದು ಎದ್ದು ನಿಂತಿರ್ತದ, ನೀವು ಏಳೋದಕ್ಕೇ ಭೇಷ್ ಅಂದಂಗ ಆಗ್ತದ.

ತಿನ್ನೋದು ಕೈಯಾಗ ಕಂಡ್ರ ಮಾತ್ರ ಕೇಳೋದಕ್ಕ ಕಾರಣ, ನೀವು ಲಂಚ ಮೊದಲೇ ತೋರಸ್ಲಾಕತ್ತೀರಿ. ಕೂಲಿ ಕೆಲಸ ಆದ ಮ್ಯಾಲ ಕೊಡೋದು. ತುಣುಕು ಹಿಡದ ಕೈ ಮೂಗಿನ ಮುಂದಿಂದ ತಲಿ ಮ್ಯಾಲ ಹಿಂದಕ್ಕ ಒಯ್ಯೋದು ಐದಾರು ಸಲ ಅಷ್ಟೇ. ಏಳನೇದಕ್ಕ ಖಾಲಿ ಕೈಲೆ ಅದೇ ಸನ್ನಿ ಮಾಡ್ರಿ, ಕೂಡ್ತದ. ‘ಭೇಷ್’ ಅಂದು, ಹಿಂದ ಟೇಬಲ್ ಮ್ಯಾಲಿನ ಡಬ್ಬ್ಯಾಗಿಂದ ತಗದು ಕೊಡ್ರಿ. ಅದು ಗಟ್ಟಿ ಆದ ಮ್ಯಾಲ ಮಾತು ಸೇರಸ್ರಿ: ಮೊದಲ ‘ಕುಂದ್ರು’, ಒಂದು ಸೆಕೆಂಡ್ ಬಿಟ್ಟು ಸನ್ನಿ. ಎರಡೂ ಕೂಡೇ ಮಾಡಿದ್ರ ನಾಯಿ ಕೈ ಅಷ್ಟೇ ನೋಡ್ತದ, ಮಾತು ಕಿವಿಗಿ ಹೋಗಂಗಿಲ್ಲ. ಹತ್ತರಾಗ ಎಂಟು ಸರಿ ಬಂದ್ರ ಮುಂದಿನ ಹಂತಕ್ಕ ಹೋಗ್ರಿ, ಐದಕ್ಕಿಂತ ಕಡಿಮಿ ಬಂದ್ರ ಒಂದು ಹಂತ ಹಿಂದ.

ನಮ್ಮ ಕಡಿ ಮನಿಗಳಾಗ ಇನ್ನೊಂದು ತ್ರಾಸ ಅದ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮ್ಯಾಲ ಹಿಂದಿನ ಕಾಲು ಜಾರ್ತಾವ, ಅದಕ್ಕೇ ಎಷ್ಟೋ ನಾಯಿ ಅರ್ಧ ಕುಂತು ಎದ್ದುಬಿಡ್ತಾವ. ಗೋಣಿ ತಟ್ಟು ಹಾಸಿ ಅದರ ಮ್ಯಾಲ ಕಲಸ್ರಿ. ಅದೇ ತಟ್ಟು ಮುಂದ ‘ಚಾಪಿ’ ಕಲಿಸ್ಲಾಕೂ ಬರ್ತದ.

ತೊಗರಿ_ಕಣಜ:
ಭಾಳ ಉಪಕಾರ ಆಯ್ತು ಅಣ್ಣಾರ. ತಿನ್ಲಾಕ ಏನು ಕೊಡೋದು? ಈಗ ಒಣ ರೊಟ್ಟಿ ಚೂರು ಕೊಡ್ಲಾಕತ್ತೀವಿ.

ಶಹಾಬಾದ್_ಫರಸಿ:
ಒಣ ರೊಟ್ಟಿ ಊಟಕ್ಕ ಸರಿ, ಕಲಿಸ್ಲಾಕ ಬ್ಯಾಡ. ಅಗೀಲಾಕ ಹೊತ್ತು ಹಿಡೀತದ, ಪುಡಿ ನೆಲಕ್ಕ ಉದುರ್ತದ, ನಾಯಿ ಪುಡಿ ಹುಡುಕ್ಕೋತ ನಿಮ್ಮನ್ನ ಮರೀತದ. ಮೆತ್ತಗ ಇರಬೇಕು, ಒಂದು ಗುಟುಕಿಗಿ ಇಳೀಬೇಕು. ಉಪ್ಪಿಲ್ಲದ ಪನೀರ್ ಕಡ್ಲಿ ಕಾಳಿನಷ್ಟು ಕತ್ತರಸ್ರಿ. 14 ಕಿಲೋ ನಾಯಿಗಿ ದಿನಕ್ಕ 25 ಗ್ರಾಂ ದಾಟಬಾರದು, ಅಷ್ಟರಾಗ ಐವತ್ತು ತುಣುಕು ಬರ್ತಾವ. ಮನಿ ಒಳಗಿನ ಅಭ್ಯಾಸಕ್ಕ ಕುದಿಸಿದ ಗೆಣಸು, ಗಜ್ಜರಿ ಸಾಕು. ಪನೀರ್ ಗೇಟಿಗಿ ಮತ್ತ ಹೊರಗಿನ ಕೆಲಸಕ್ಕ ಕಾಯ್ದಿಡ್ರಿ. ಕೊಟ್ಟಷ್ಟು ಊಟದಾಗ ಕಡಿಮಿ ಮಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕ್ಲೇಟ್ ಇವೆಲ್ಲ ನಾಯಿಗಿ ವಿಷ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮಕ್ಕಳು ಕೊಡದಂಗ ನೋಡ್ಕೊರಿ, ಅದರಾಗ ಬಳ್ಳೊಳ್ಳಿ ಇರ್ತದ.

ಬೀದರ್_ಕೋಟೆ:
ಗೇಟ್ ಮತ್ತು ಕರೆಯುವುದರ ಬಗ್ಗೆ ನಾನು ಬರೆಯುತ್ತೇನೆ. ಇವೆರಡೂ ಪ್ರಾಣ ಉಳಿಸುವ ಪಾಠಗಳು, ಕೈ ಕೊಡುವುದು ಕಲಿಯದಿದ್ದರೆ ನಷ್ಟವಿಲ್ಲ.

ಮೊದಲು ಒಂದು ವಿಷಯ ಗಮನಿಸಿ. ಹೆಣ್ಣು ನಾಯಿಗೆ ಮೊದಲ ಬಾರಿ ಬೆದೆ ಬರುವುದು ಸಾಮಾನ್ಯವಾಗಿ 6ರಿಂದ 12 ತಿಂಗಳ ನಡುವೆ. ಬೆದೆ ಸುಮಾರು ಮೂರು ವಾರ ಇರುತ್ತದೆ. ಆಗ ಓಣಿಯ ಗಂಡು ನಾಯಿಗಳೆಲ್ಲ ಗೇಟಿನ ಮುಂದೆ ಸೇರುತ್ತವೆ, ಒಳಗಿನದೂ ಹೊರಗೆ ಓಡಲು ನೋಡುತ್ತದೆ. ಆ ದಿನಗಳಲ್ಲಿ ಹೊರಗಿನ ಪಾಠ ನಿಲ್ಲಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಎಂದು ಪಶುವೈದ್ಯರನ್ನು ಈಗಲೇ ಕೇಳಿಡಿ.

ಗೇಟ್ ಪಾಠ ಹೀಗೆ. ನಾಯಿಗೆ ಎದೆಪಟ್ಟಿ, ಹಗ್ಗ ಹಾಕಿ ‘ಕುಂದ್ರು’ ಅನ್ನಿ. ಚಿಲಕದ ಮೇಲೆ ಕೈ ಇಡಿ. ಕೂತೇ ಇದ್ದರೆ ‘ಭೇಷ್’, ತುಣುಕು. ಮುಂದಿನ ಸಲ ಚಿಲಕದ ಸಪ್ಪಳ ಮಾಡಿ. ಅನಂತರ ಗೇಟ್ ನಾಲ್ಕು ಬೆರಳು ತೆರೆಯಿರಿ. ಎದ್ದರೆ ಬೈಯಬೇಡಿ, ಗೇಟ್ ಮುಚ್ಚಿ, ಅಷ್ಟೇ. ಎದ್ದರೆ ಮುಚ್ಚುತ್ತದೆ, ಕೂತರೆ ತೆರೆಯುತ್ತದೆ ಎಂಬ ಲೆಕ್ಕ ಅದಕ್ಕೆ ಬೇಗ ಹತ್ತುತ್ತದೆ. ಪೂರ್ತಿ ತೆರೆದರೂ ಕೂತಿದ್ದರೆ ‘ನಡಿ’ ಅಂದು ಜೊತೆಗೇ ಹೊರಗೆ ಹೋಗಿ. ಇಲ್ಲಿ ಹೊರಗೆ ಹೋಗುವುದೇ ಕೂಲಿ. ಆರು ಜನರಲ್ಲಿ ಒಬ್ಬರು ‘ಇವತ್ತೊಂದು ದಿನ’ ಎಂದು ಹಾಗೇ ಬಿಟ್ಟರೂ ವಾರದ ಕೆಲಸ ಹಾಳು.

ಕರೆಯಲು ಹಗ್ಗದ ಅಂಗಡಿಯಿಂದ 10 ಮೀಟರ್ ನೂಲಿನ ಹಗ್ಗ ತನ್ನಿ, ಕಿರುಬೆರಳಿನ ದಪ್ಪ ಇರಲಿ. ನೈಲಾನ್ ಬೇಡ, ನಾಯಿ ಜಗ್ಗಿ ಓಡಿದಾಗ ಅಂಗೈ ಸುಲಿಯುತ್ತದೆ. ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಓಡಿಹೋಗಿ ಒಮ್ಮೆಲೇ ನಿಂತರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಮೊದಲ ವಾರ ಮನೆಯೊಳಗೆ ಎರಡೇ ಹೆಜ್ಜೆ ದೂರದಿಂದ ಸೀಟಿ ಊದಿ, ಬಂದ ತಕ್ಷಣ ‘ಭೇಷ್’ ಅಂದು ಮೂರು ತುಣುಕು ಒಂದೊಂದಾಗಿ ಕೊಡಿ. ಎರಡನೇ ವಾರ ಮಾಳಿಗೆ ಮೇಲೆ ಅಥವಾ ಅಂಗಳದಲ್ಲಿ, ಮೂರನೇ ವಾರ ಲೇಔಟಿನ ಖಾಲಿ ಪ್ಲಾಟಿನಲ್ಲಿ. ಸೀಟಿ ಒಂದೇ ಸಲ. ಬರಲಿಲ್ಲವೇ? ಮತ್ತೆ ಊದಬೇಡಿ. ಹಗ್ಗ ಹಿಡಿದು ಅದರ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಓಡಿ. ಓಡುವವರನ್ನು ನಾಯಿ ಬೆನ್ನಟ್ಟುತ್ತದೆ. ನೀವು ಅದರ ಬೆನ್ನಟ್ಟಿದರೆ ಅದಕ್ಕೆ ಆಟ.

ಕರೆದು ಸ್ನಾನ ಮಾಡಿಸುವುದು, ಕರೆದು ಉಗುರು ಕತ್ತರಿಸುವುದು, ಕರೆದು ಸರಪಳಿ ಹಾಕುವುದು, ಮೂರನ್ನೂ ಬಿಡಿ. ಅಂಥ ಕೆಲಸಕ್ಕೆ ನೀವೇ ಹೋಗಿ ಕರೆತನ್ನಿ. ಹತ್ತು ಸಲ ಕರೆದರೆ ಒಂಬತ್ತು ಸಲ ತಿನ್ನಲು ಕೊಟ್ಟು ಮತ್ತೆ ಆಡಲು ಬಿಡಿ. ಎಷ್ಟೇ ತಡವಾಗಿ ಬಂದರೂ ಹೊಡೆಯಬೇಡಿ. ಓಡಿಹೋಗಿದ್ದಕ್ಕೆ ಹೊಡೆದೆ ಎಂದು ನೀವು ಅಂದುಕೊಳ್ಳುತ್ತೀರಿ, ಬಂದಿದ್ದಕ್ಕೆ ಹೊಡೆದರು ಎಂದು ಅದು ಕಲಿಯುತ್ತದೆ.

ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ 7ರೊಳಗೆ, ರಾತ್ರಿ 8ರ ಮೇಲೆ ಮಾತ್ರ ಹೊರಗಿನ ಪಾಠ. ಡಾಂಬರು, ಹಾಸುಗಲ್ಲು ಹೊತ್ತು ಮುಳುಗಿದ ಮೇಲೂ ಕಾಯ್ದಿರುತ್ತವೆ. ಅಂಗೈಯ ಹಿಂಬದಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಯಾದಗಿರಿ_ಗುಡ್ಡ:
ಇಷ್ಟೆಲ್ಲ ಯಾಕ್ರಿ? ಮೈಮ್ಯಾಲ ಹಾರಿದಾಗ ಮೊಣಕಾಲಿಂದ ಎದಿಗಿ ಒಂದು ಕೊಟ್ರ ಎರಡು ದಿನದಾಗ ಬಿಡ್ತದ ಅಂತಾರ. ಪೇಪರ್ ಸುತ್ತಿ ಹೊಡಿಯೋದೂ ಅದ.

ಕೆರೆ_ದಂಡೆ (ಕಲಬುರಗಿ):
ಬ್ಯಾಡ್ರಿ ಸರ್, ಖರೇನೇ ಬ್ಯಾಡ. ಒದ್ದವರ ಮುಂದ ಹಾರೋದು ಬಿಡ್ತದ, ಆಯಿ ಮುಂದ ಬಿಡಂಗಿಲ್ಲ, ಯಾಕಂದ್ರ ಆಯಿ ಒದೆಯಂಗಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರ, ಬಂದ ಮಂದಿ ಮತ್ತ ನೋವು ಎರಡೂ ಗಂಟು ಬೀಳ್ತಾವ. ಮೊದಲ ಖುಷಿಲೆ ಹಾರ್ತಿದ್ದ ನಾಯಿ ಮಂದಿ ಕಂಡ್ರ ಗುರ್ ಅಂತದ. ಗುರ್ ಅಂದಿದ್ದಕ್ಕೂ ಹೊಡದ್ರ ಗುರ್ ಅನ್ನೋದು ಬಿಟ್ಟು ಸೀದಾ ಕಡೀತದ. ಗುರ್ ಅನ್ನೋದು ಎಚ್ಚರಿಕಿ, ಅದನ್ನ ಅಡಗಿಸಬಾರದು.

ನಾಯಿ ಹಾರೋದು ಮಾರಿ ಹತ್ರ ಬಂದು ಮಾತಾಡ್ಸಲಾಕ. ದೂಡಿದ್ರೂ ಅದಕ್ಕ ಮಾತಾಡ್ಸಿದಂಗೇ, ‘ಏ ಚಿನ್ನಿ ಬ್ಯಾಡ’ ಅಂದ್ರೂ ಮಾತಾಡ್ಸಿದಂಗೇ. ಅದಕ್ಕ ಹಿಂಗ ಮಾಡ್ರಿ. ಬಾಗಲದಿಂದ ಮೂರು ಮೀಟರ್ ಒಳಗ, ಕಿಟಕಿ ಸರಳಿಗಿ ಒಂದೂವರಿ ಮೀಟರ್ ಹಗ್ಗ ಕಟ್ಟಿ ಎದಿಪಟ್ಟಿಗಿ ಹಾಕ್ರಿ, ಕೆಳಗ ತಟ್ಟು ಹಾಸ್ರಿ. ಮನಿಯವರೇ ಒಬ್ಬರು ಹೊರಗ ಹೋಗಿ ಬೆಲ್ ಮಾಡಿ ಒಳಗ ಬರ್ರಿ. ನಾಲ್ಕೂ ಕಾಲು ನೆಲದ ಮ್ಯಾಲ ಇದ್ರ ಹತ್ರ ಬರ್ರಿ. ಮುಂಗಾಲು ಎದ್ದ ಕೂಡ್ಲೇ ಮಾತಿಲ್ಲದೆ ಬೆನ್ನು ತೋರಿಸಿ ಎರಡು ಹೆಜ್ಜಿ ಹಿಂದ ಹೋಗ್ರಿ. ಮತ್ತ ಕಾಲು ಇಳಿದ್ರ ಮತ್ತ ಬರ್ರಿ. ಕೈಗಿ ಸಿಗೋವಷ್ಟು ಹತ್ರ ಬಂದಾಗ ತುಣುಕು ನೆಲದ ಮ್ಯಾಲ ಇಡ್ರಿ, ಮ್ಯಾಲಿಂದ ಕೊಟ್ರ ಮೂಗು ಮ್ಯಾಲೇಳ್ತದ, ಅದರ ಹಿಂದ ಕಾಲೂ ಏಳ್ತಾವ. ತುಣುಕು ತಿನ್ನೋ ಮುಂದ ಎದಿ ಕಡಿ, ಕಿವಿ ಹಿಂದ ಸವರ್ರಿ. ತಲಿ ಮ್ಯಾಲ ಕೈ ಇಟ್ರ ಭಾಳ ನಾಯಿಗಿ ಸೇರಂಗಿಲ್ಲ.

ನಾಲ್ಕೈದನೇ ದಿನಕ್ಕ ಇದ್ದಕ್ಕಿದ್ದಂಗ ಹಾರೋದು, ಬೊಗಳೋದು ಹೆಚ್ಚಾಗಬಹುದು. ‘ಇಷ್ಟು ದಿನ ಇದರಿಂದೇ ಮಾತಾಡಸ್ತಿದ್ರು, ಈಗ್ಯಾಕ ಇಲ್ಲ’ ಅಂತ ಇನ್ನೂ ಜೋರ್ ಮಾಡಿ ನೋಡ್ತದ. ಇಲ್ಲೇ ಭಾಳ ಮಂದಿ ಸೋಲ್ತಾರ. ಆ ಹೊತ್ತಿನ್ಯಾಗ ಯಾರರೆ ಒಬ್ಬರು ‘ಪಾಪ, ಇರ್ಲಿ ಬಿಡು’ ಅಂತ ಮುದ್ದು ಮಾಡಿದ್ರ, ಜೋರಾಗಿ ಹಾರಿದ್ರ ಸಿಗ್ತದ ಅಂತ ಗಟ್ಟಿ ಆಗ್ತದ. ಕಲಿಯೋ ತನಕ ಮಂದಿ ಬಂದಾಗ ಕಟ್ಟಿನೇ ಇಡ್ರಿ, ತಪ್ಪಲ್ಲ. ಆಯಿ ಸರದಿ ಕೊನೀಗಿ. ಮೊದಲ ಎರಡು ವಾರ ಆಯಿ ಕುರ್ಚಿ ಮ್ಯಾಲ ಕುಂತೇ ತುಣುಕು ನೆಲಕ್ಕ ಒಗೀಲಿ, ನಿಂತು ಬ್ಯಾಡ.

ತೊಗರಿ_ಕಣಜ:
ಮುಂಜಾನಿ ತಿರುಗಾಡ್ಲಾಕ ಕರಕೊಂಡು ಹೋದ್ರ ದಾರ್ಯಾಗಿನ ಎಲುಬು, ಕೊಳೆತಿದ್ದು ಏನು ಸಿಕ್ರೂ ಬಾಯಿಗಿ ಹಾಕ್ತದ. ಬಾಯಿ ಬಿಡಸ್ಲಾಕ ಹೋದ್ರ ಗುರ್ ಅಂತದ.

ಬೀದರ್_ಕೋಟೆ:
ಬೆರಳು ಹಾಕಿ ಬಿಡಿಸಬೇಡಿ, ಅದರಿಂದಲೇ ಗುರ್ ಶುರುವಾಗುವುದು. ಬಾಯಲ್ಲಿ ಇರುವುದಕ್ಕಿಂತ ಒಳ್ಳೆಯದನ್ನು, ಅಂದರೆ ನಾಲ್ಕು ತುಣುಕು ಪನೀರ್ ಅನ್ನು ಮೂಗಿನ ಮುಂದೆಯೇ ನೆಲಕ್ಕೆ ಚೆಲ್ಲಿ. ಬಿಟ್ಟು ತಿನ್ನುವಾಗ ಹಗ್ಗ ಹಿಡಿದು ಮುಂದೆ ನಡೆಯಿರಿ.

ಮನೆಯಲ್ಲಿ ‘ಬಿಡು’ ಕಲಿಸಿ. ಮುಷ್ಟಿಯಲ್ಲಿ ಗಜ್ಜರಿ ಹಿಡಿದು ಮೂಗಿನ ಮುಂದೆ ಇಡಿ. ನೆಕ್ಕುತ್ತದೆ, ಕೆರೆಯುತ್ತದೆ, ಸುಮ್ಮನಿರಿ. ಮೂಗು ಒಂದು ಅಂಗುಲ ಹಿಂದೆ ಸರಿದ ಕ್ಷಣ ‘ಭೇಷ್’, ಇನ್ನೊಂದು ಕೈಯಿಂದ ಪನೀರ್. ಮುಷ್ಟಿಯಲ್ಲಿದ್ದದ್ದನ್ನು ಎಂದೂ ಕೊಡಬಾರದು, ಕೊಟ್ಟರೆ ‘ಬಿಡು’ ಅಂದರೆ ‘ಸ್ವಲ್ಪ ತಡೆದು ತಿನ್ನು’ ಎಂದಾಗುತ್ತದೆ. ಅನಂತರ ತೆರೆದ ಅಂಗೈ, ಅನಂತರ ನೆಲದ ಮೇಲೆ ಪಾದದ ಮರೆಯಲ್ಲಿ, ಅನಂತರ ಹಗ್ಗ ಹಿಡಿದು ಅದರ ಪಕ್ಕದಲ್ಲಿ ನಡೆಯುವುದು. ಬೀದಿಯಲ್ಲಿ ಮಾಂಸದ ಅಂಗಡಿ ಕಂಡರೆ ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ. ಆಚೆ ದಂಡೆಯಿಂದ ದಾಟಿಸಿ, ವಾರಕ್ಕೆ ನಾಲ್ಕಾರು ಹೆಜ್ಜೆ ಹತ್ತಿರ ಮಾಡುತ್ತ ಬನ್ನಿ.

ಇನ್ನೊಂದು ಮಾತು: ಚೆನ್ನಾಗಿ ಕೇಳುತ್ತಿದ್ದ ನಾಯಿ ಒಮ್ಮೆಲೇ ಕೇಳದಾದರೆ, ಕೂಡಲು ಹಿಂಜರಿದರೆ, ಪನೀರ್ ಕೂಡ ಬೇಡವೆಂದರೆ ಪಾಠ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಿವಿ ಸೋಂಕು, ಉಣ್ಣೆ ಹುಳು ಕಚ್ಚಿ ಬರುವ ಜ್ವರ ನಮ್ಮ ಕಡೆ ಸಾಮಾನ್ಯ. ಬೀದರ್ ಸಮೀಪದವರಿಗೆ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ.

ಕೆರೆ_ದಂಡೆ (ಕಲಬುರಗಿ):
ಒಂದು ಬಿಟ್ಟು ಹೋಗ್ಯದ. ‘ಕುಂದ್ರು’ ಹಾಲ್‌ನ್ಯಾಗ ಬಂತು ಅಂದ್ರ ಗೇಟ್ ಮುಂದನೂ ಬರ್ತದ ಅಂತ ತಿಳೀಬ್ಯಾಡ್ರಿ. ನಾಯಿಗಿ ಜಾಗ ಬದಲಾದ್ರ ಪಾಠಾನೇ ಬ್ಯಾರೆ. ಹಾಲ್, ಅಡಗಿ ಮನಿ ಬಾಗಲ, ಮಾಳಗಿ, ಅಂಗಳ, ಗೇಟಿನ ಒಳಗ, ಗೇಟಿನ ಹೊರಗ, ಈ ಆರೂ ಕಡಿ ಮೂಗಿನ ಮುಂದಿನ ತುಣುಕಿನಿಂದ ಮತ್ತ ಸುರು ಮಾಡ್ರಿ. ಮೊದಲನೇದಕ್ಕ ವಾರ ಹಿಡದ್ರ ಆರನೇದಕ್ಕ ಒಂದು ದಿನ ಸಾಕಾಗ್ತದ. ಉದ್ದ ಹಗ್ಗ ಮಾತ್ರ ಗಡಿಬಿಡಿ ಮಾಡಿ ಬಿಚ್ಚಬ್ಯಾಡ್ರಿ. ಬ್ಯಾರೆ ನಾಯಿ ಎದುರಿಗಿ ಇದ್ದಾಗನೂ ಒಂದೇ ಸೀಟಿಗಿ ಹತ್ತಕ್ಕ ಒಂಬತ್ತು ಸಲ ಬಂದ್ರ, ಅದೂ ಸುತ್ತ ಗೋಡಿ ಇರೋ ಜಾಗದಾಗ ಮಾತ್ರ ಬಿಚ್ಚರಿ. ರಸ್ತಾದಾಗ ಎಂದೂ ಬ್ಯಾಡ.