ಸೋಲಾರ್‌ಗೆ ಹೊಲ ಕೊಡೋದಾ, ಬೇಡ್ವಾ?

ಪ್ರಶ್ನೆ:
ನಮ್ಮ 10 ಎಕರೆ ಹೊಲವನ್ನು ಸೋಲಾರ್ ಕಂಪನಿಯವರು 25 ವರ್ಷದ ಗುತ್ತಿಗೆಗೆ ಕೇಳುತ್ತಿದ್ದಾರೆ. ಕರಾರಿನಲ್ಲಿ ಬಾಡಿಗೆ ಬಗ್ಗೆ ನಾಲ್ಕು ಪುಟ ಇದೆ. ಕೊನೆಗೆ ಪ್ಯಾನೆಲ್ ಕೀಳುವವರು ಯಾರು ಅನ್ನೋದಕ್ಕೆ ಒಂದು ಸಾಲೂ ಇಲ್ಲ! ಅಣ್ಣ ಮಾತ್ರ ಸಹಿ ಹಾಕು ಅಂತಾನೆ.

ಉತ್ತರ 1:
ಸುಮ್ನೆ ಹಾಕಬೇಡಿ. ನಾನು ಇಂಥ ಕಡೆ ಕಂಬ ನೆಡಿಸಿದವನು. 1 ಮೆಗಾವ್ಯಾಟ್‌ಗೆ ನೂರಾರು ಉಕ್ಕಿನ ಕಂಬ ಬೇಕು, ಒಂದೊಂದೂ ಆಳುದ್ದಕ್ಕೆ ಇಳಿದಿರುತ್ತದೆ. ನೆಲದಡಿ ಕೇಬಲ್ ಬೇರೆ. ಕೀಳುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ (ಕಂಪನಿ ಕೊಡದಿದ್ದರೆ ಬ್ಯಾಂಕೇ ಕೊಡುತ್ತೆ ಅನ್ನೋ ಪತ್ರ) ಬರೆಸಿಕೊಳ್ಳಿ. ಕಂಪನಿ ಕೈ ಬದಲಾದರೂ ಅದು ನಡೆಯಬೇಕು.

ಉತ್ತರ 2:
ಮಳೆನೀರು ಎತ್ತ ಹೋಗುತ್ತೆ, ಕೇಳಿದ್ರಾ? ಪ್ಯಾನೆಲ್ ಅಂಚಿನಿಂದ ಒಂದೇ ಗೆರೆಯಲ್ಲಿ ಸುರಿದು ಮಣ್ಣು ಕೊರೆಯುತ್ತೆ. ಕೆಳಗೆ ಹುಲ್ಲು ಬೆಳೆಸಲಿ, ಕುರಿ ಮೇಯಿಸಬಹುದು. ಮೇಕೆ ಬೇಡ, ಪ್ಯಾನೆಲ್ ಮೇಲೆ ಹತ್ತುತ್ತವೆ.

ಪ್ರಶ್ನೆ ಕೇಳಿದವರು:
ಕುರಿ ಅಂದಾಗ ಅಣ್ಣ ನಕ್ಕ. ಬ್ಯಾಂಕ್ ಗ್ಯಾರಂಟಿ ಅಂದಾಗ ಕರಾರು ಮತ್ತೆ ಓದೋಕೆ ಕೂತ.