ನೈಜೀರಿಯಾ ದುಡ್ಡು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮೊದಲೇ ದೊಡ್ಡಣ್ಣ ನಮ್ಮ ‘ಹಳೇಮನೆ ಬಳಗ’ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ. ಟ್ಯಾಂಕಿನ ಮೇಲೆ ಕೈ ಎತ್ತಿ ನಿಂತ ಸೈನಿಕರ ಫೋಟೋ, ಕೆಳಗೆ ಬರಹ:

“ನೈಜೀರಿಯಾ, 1984. ಕಳ್ಳ ರಾಜಕಾರಣಿಗಳನ್ನು ಸೇನೆ ಒಂದೇ ರಾತ್ರಿಯಲ್ಲಿ ಮನೆಗೆ ಕಳಿಸಿತು. ಮರುದಿನದಿಂದ ಜನ ಬಸ್ ಸ್ಟಾಪಿನಲ್ಲಿ ಸಾಲಾಗಿ ನಿಂತರು. ತಡವಾಗಿ ಬಂದ ಗುಮಾಸ್ತರಿಗೆ ಕಪ್ಪೆ ಜಿಗಿತ ಮಾಡಿಸಿದರು. ನೋಟು ಬದಲಾಯಿಸಿದರು, ಕಪ್ಪು ಹಣ ಕಸವಾಯಿತು. 20 ತಿಂಗಳಲ್ಲಿ ಭ್ರಷ್ಟಾಚಾರ ಮಾಯ. ಜನ ಆ ನಾಯಕನನ್ನು ಮರೆಯಲಿಲ್ಲ, ಮತ್ತೆ ಆರಿಸಿ ತಂದರು. ನಮಗೂ ಇಂಥವನೊಬ್ಬ ಬೇಕು. ಒಪ್ಪುವುದಾದರೆ 10 ಜನಕ್ಕೆ ಕಳಿಸಿ.”

ದೊಡ್ಡಣ್ಣ ಯಾಕೆ ಕಳಿಸಿದ ಅಂತ ನನಗೆ ಗೊತ್ತು. ಖಾತೆ ಮಾಡಿಸೋಕೆ ಎರಡು ತಿಂಗಳಿಂದ ಒಂದು ಕಚೇರಿಗೆ ಅಲೆಯುತ್ತಿದ್ದಾನೆ. ಆ ವಾರ ಅಲ್ಲಿ ‘ನಾಳೆ ಬನ್ನಿ’ ಅನ್ನಿಸಿಕೊಂಡು ಬಂದಿದ್ದ. ಕಪ್ಪೆ ಜಿಗಿತ ಅನ್ನೋ ಮಾತು ಅವನ ಹೊಟ್ಟೆಗೆ ತಂಪಾಗಿರಬೇಕು. ಆ ಮಟ್ಟಿಗೆ ಅವನ ಮೇಲೆ ನನಗೆ ಸಿಟ್ಟಿಲ್ಲ.

ಮೊದಲ ಉತ್ತರ ದೊಡ್ಡಪ್ಪನದು. 88 ವರ್ಷ, ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಾರೆ. “ನಾನು ಮೊದಲಿಂದ ಹೇಳುವುದು ಇದನ್ನೇ. ಶಿಸ್ತಿಲ್ಲದ ಮನೆಯೂ ಉದ್ಧಾರ ಆಗುವುದಿಲ್ಲ ಶಿಸ್ತಿಲ್ಲದ ದೇಶವೂ ಉದ್ಧಾರ ಆಗುವುದಿಲ್ಲ. ಎಮರ್ಜೆನ್ಸಿಯಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು.”

ಅದಕ್ಕೆ ನಾಲ್ಕು ಕೈ ಮುಗಿಯುವ ಗುರುತು ಬಿದ್ದವು. ಚಿಕ್ಕಮ್ಮ ಗುಲಾಬಿ ಹೂವಿನ ಶುಭೋದಯ ಹಾಕಿದರು. ಆಮೇಲೆ ಅತ್ತೆ ಮಗಳು ಬಂದಳು. ಮೈಸೂರಿನಲ್ಲಿ ವಕೀಲೆ.

“ಭಾವ, ಇದನ್ನು ಬರೆದವರು ಯಾರು? ಆಧಾರ ಏನು? ನೀವು ಪೂರ್ತಿ ಓದಿದ್ದೀರಾ?”

“ಆಧಾರ ಕೇಳೋಕೆ ಇದು ಕೋರ್ಟ್ ಅಲ್ಲಮ್ಮ.”

“ಫೋಟೋದಲ್ಲಿರೋ ಬಾವುಟ ನೋಡಿ. ಕೆಂಪು, ಹಳದಿ, ಹಸಿರು, ನಡುವೆ ಕಪ್ಪು ನಕ್ಷತ್ರ. ಅದು ಘಾನಾ. ನೈಜೀರಿಯಾ ಬಾವುಟ ಹಸಿರು, ಬಿಳಿ, ಹಸಿರು.”

“ಎರಡೂ ಆಫ್ರಿಕಾದಲ್ಲೇ ಇರೋದು ತಾನೆ,” ಎಂದ ಚಿಕ್ಕಮ್ಮನ ಮಗ.

ನನಗೆ ಚುಚ್ಚಿದ್ದು ಈ ಮಾತು. ಕರ್ನಾಟಕದ ಬದಲು ಒಡಿಶಾ ಅಂತ ಬರೆದು ‘ಎರಡೂ ಇಂಡಿಯಾದಲ್ಲೇ’ ಅಂದರೆ ನಾವು ಸುಮ್ನೆ ಇರ್ತೀವಾ? ಆದರೆ ಬಾವುಟದ ವಿಷಯ ಅಲ್ಲಿಗೇ ಬಿಟ್ಟುಹೋಯಿತು. ದೊಡ್ಡಣ್ಣ ಕೊರೋನಾ ಕಾಲಕ್ಕೆ ಹೋದ. ಆಗ ಅವನಪ್ಪ ಹಾಕಿದ್ದ ನಿಂಬೆರಸದ ಮದ್ದನ್ನು ಇವಳು ಎಲ್ಲರ ಎದುರು ಸುಳ್ಳು ಅಂದಿದ್ದಳು, ದೊಡ್ಡಪ್ಪ ಬೇಜಾರಾಗಿ ಎರಡು ದಿನ ಗುಂಪು ಬಿಟ್ಟಿದ್ದರು. “ದೊಡ್ಡವರಿಗೆ ಆಧಾರ ಕೇಳೋದು ನಿನಗೆ ಚಟ,” ಎಂದು ಬರೆದ. ಅವಳು “ಆಗಲೂ ನಾನು ಹೇಳಿದ್ದು ಸರಿಯಿತ್ತು” ಎಂದಳು. ಯಾರೋ ಮಧ್ಯೆ 2016ರ ನೋಟು ರದ್ದತಿ ಎಳೆದು ತಂದರು. ಹತ್ತು ನಿಮಿಷದಲ್ಲಿ ಮೂವತ್ತು ಮೆಸೇಜು. ಅತ್ತೆಯ ಯಜಮಾನರು “ಗುಂಪಿನಲ್ಲಿ ರಾಜಕೀಯ ಬೇಡ” ಅಂತ ಬರೆದ ಮೇಲೆ ಸ್ವಲ್ಪ ತಣ್ಣಗಾಯಿತು.

ಅಷ್ಟರಲ್ಲಿ ಟೊರಾಂಟೊದಿಂದ ನಮ್ಮಣ್ಣ ಬರೆದ. ಅವನಿಗೆ ನೈಜೀರಿಯಾ ಎಂಬ ಹೆಸರು ಕಂಡರೆ ಸಾಕು, ಹನ್ನೆರಡು ವರ್ಷದ ಹುಡುಗ ಆಗಿಬಿಡುತ್ತಾನೆ. “ಜೋಸ್! ಆ ಚಳಿ, ಆ ಹರ್ಮಟಾನ್! ಡಿಸೆಂಬರ್ ಬಂದರೆ ಸಹಾರಾ ಧೂಳು ಮನೆಯೊಳಗೆ ಹಿಟ್ಟಿನ ಹಾಗೆ ಕೂರ್ತಿತ್ತು. ಅಪ್ಪನ ಪ್ರಿನ್ಸಿಪಾಲರ ಪೆಜೋ 504 ನೆನಪಿದೆಯಾ? ಬೆಳಿಗ್ಗೆ ರಸ್ತೆ ಪಕ್ಕ ಕೋಸೈ ಕರೀತಿದ್ದರಲ್ಲ, ನಮ್ಮ ಅಲಸಂದೆ ವಡೆ ಥರ. ಅಮ್ಮ ಹಸಿಮೆಣಸು ಜಾಸ್ತಿ ಹಾಕಿ ಮನೇಲೂ ಮಾಡ್ತಿದ್ದಳು. ಅಷ್ಟು ಸುಖವಾದ ದಿನ ಆಮೇಲೆ ಬರಲಿಲ್ಲ.”

ಅವನು ಬರೆದದ್ದೆಲ್ಲ ನಿಜ. ನಮ್ಮಪ್ಪ 1979ರಿಂದ 1986ರವರೆಗೆ ಜೋಸ್ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ಎಣ್ಣೆ ದುಡ್ಡು ಹರಿಯುತ್ತಿದ್ದ ಕಾಲ. ಶಾಲೆಗಳು ಒಂದರ ಮೇಲೊಂದು ತೆರೆದಿದ್ದವು, ಮೇಷ್ಟ್ರುಗಳು ಸಾಲದೆ ನಮ್ಮ ದೇಶದಿಂದ ತುಂಬಾ ಜನರನ್ನು ಕರೆಸಿಕೊಂಡಿದ್ದರು. ಆದರೆ ‘ಸುಖ’ ಅನ್ನೋ ಆ ಒಂದು ಪದಕ್ಕೆ ದೊಡ್ಡಪ್ಪ ಕಾದಿದ್ದರೇನೋ.

“ನಿಮ್ಮಪ್ಪ ಅಲ್ಲಿ ಸುಖವಾಗಿದ್ದ ಅಂತ ನನಗೂ ಗೊತ್ತು. ಇಲ್ಲಿ ತಂಗಿ ಮದುವೆಗೆ ನಾನು ಅರ್ಧ ತೋಟ ಅಡ ಇಟ್ಟೆ. ದುಡ್ಡು ಕಳಿಸುತ್ತೇನೆ ಎಂದವನು ಕಳಿಸಲಿಲ್ಲ.”

ಗುಂಪು ಮೌನ. ಶುಭೋದಯವೂ ಇಲ್ಲ.

ನಮ್ಮ ಕಡೆ ಮನೆಗಳಲ್ಲಿ ‘ನೈಜೀರಿಯಾ ದುಡ್ಡು’ ಅನ್ನೋದು ಒಂದು ಮಾತು. ಬರ್ತೀನಿ ಅಂದು ಬಾರದವರಿಗೆ, ಕೊಡ್ತೀನಿ ಅಂದು ಕೊಡದವರಿಗೆ ಹೇಳುವುದು. ಮಕ್ಕಳೂ ಕಲಿತಿದ್ದಾರೆ. ಅತ್ತೆ ಮದುವೆ 1984ರ ಮೇ ತಿಂಗಳಲ್ಲಿ. ಆ ತೋಟ ಬಿಡಿಸಿಕೊಳ್ಳೋಕೆ ದೊಡ್ಡಪ್ಪನಿಗೆ ಆರು ವರ್ಷ ಬೇಕಾಯಿತು. ಅಷ್ಟೂ ವರ್ಷ ಅಣ್ಣ ತಮ್ಮ ಒಬ್ಬರ ಮನೆಗೆ ಒಬ್ಬರು ಊಟಕ್ಕೆ ಹೋಗಲಿಲ್ಲ. ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಯಿತು. ಅವರು ಇದರ ಬಗ್ಗೆ ಬಾಯಿ ಬಿಟ್ಟಿದ್ದನ್ನು ನಾನು ಕಂಡಿಲ್ಲ.

ಆದರೆ ಆಗ ನನಗೆ ಎಂಟು ವರ್ಷ. ಕಣ್ಣಿಗೆ ಕಂಡದ್ದು ನೆನಪಿದೆ. ಎದ್ದು ಹೋಗಿ ಅಪ್ಪನ ಲಾಗರಿದಮ್ ಪುಸ್ತಕ ತೆಗೆದೆ. ಅದರೊಳಗೆ 20 ನೈರಾದ ಒಂದು ಹಳೇ ನೋಟು ಇದೆ. ಅಂಚು ಮೆತ್ತಗಾಗಿದೆ, ಮಡಿಕೆಯಲ್ಲಿ ಸಣ್ಣ ತೂತು. ಫೋಟೋ ತೆಗೆದು ಹಾಕಿದೆ. ಆಮೇಲೆ ಬರೆಯೋಕೆ ಕೂತೆ. ಗುಂಪಿನಲ್ಲಿ ಅಷ್ಟು ಉದ್ದ ನಾನು ಎಂದೂ ಬರೆದಿಲ್ಲ.

“ದೊಡ್ಡಪ್ಪ, ಈ ನೋಟಿನಲ್ಲಿರೋ ಮುಖ ಮುರ್ತಲಾ ಮೊಹಮ್ಮದ್ ಅವರದ್ದು. 1975ರ ಜುಲೈನಲ್ಲಿ, ಆಗಿನ ಮಿಲಿಟರಿ ದೊರೆ ಗೊವೊನ್ ಕಂಪಾಲಾದಲ್ಲಿ ಸಭೆಗೆ ಹೋಗಿದ್ದಾಗ ಸೇನೆ ಅವರನ್ನು ಇಳಿಸಿ ಇವರನ್ನು ಕೂರಿಸಿತು. ಏಳು ತಿಂಗಳೂ ತುಂಬಲಿಲ್ಲ. 1976ರ ಫೆಬ್ರವರಿ 13ರಂದು ಲಾಗೋಸಿನ ಟ್ರಾಫಿಕ್ಕಿನಲ್ಲಿ ಕಾರು ನಿಂತಿದ್ದಾಗ ಸೇನೆಯವರೇ ಗುಂಡು ಹೊಡೆದರು. ಗುಂಡಿನ ತೂತುಗಳಿರುವ ಆ ಕಾರು ಲಾಗೋಸಿನ ಮ್ಯೂಸಿಯಂನಲ್ಲಿದೆ. ಗೊವೊನ್ ಬಂದದ್ದೂ ಹಾಗೇ. 1966ರಲ್ಲಿ ಏಳು ತಿಂಗಳೊಳಗೆ ಎರಡು ಸಲ ಸೇನೆ ದಂಗೆ ಎದ್ದಿತು, ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ. ಮೊದಲ ಪ್ರಧಾನಿ ಬಲೇವಾ ಸತ್ತರು. ಮರುವರ್ಷ ದೇಶದ ಪೂರ್ವ ಭಾಗ ಬಿಯಾಫ್ರಾ ಅಂತ ಬೇರೆಯಾಗಲು ಹೊರಟು ಯುದ್ಧ, 1970ರ ಜನವರಿವರೆಗೆ. ಲಕ್ಷಗಟ್ಟಲೆ ಜನ ಹಸಿವಿನಿಂದ ಹೋದರು. 1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ 1999ರ ತನಕ 39 ವರ್ಷದಲ್ಲಿ ಸುಮಾರು 29 ವರ್ಷ ಸೇನೆಯದೇ ಆಡಳಿತ. ಹಲವು ಸಲ ಹೇಳಿದ್ದು ಒಂದೇ ಮಾತು, ಲಂಚ ತೊಲಗಿಸೋಕೆ ಬಂದಿದ್ದೇವೆ ಅಂತ.

“1983ರ ಡಿಸೆಂಬರ್ 31ರಂದು ಚುನಾಯಿತ ಅಧ್ಯಕ್ಷ ಶಗಾರಿಯವರನ್ನು ಇಳಿಸಿದರು. ಶಗಾರಿ ಸರ್ಕಾರದಲ್ಲಿ ಕಳ್ಳರಿದ್ದರು, ಆಗಿನ ಚುನಾವಣೆಯಲ್ಲೂ ಮೋಸ ನಡೆದಿತ್ತು, ಅದು ಸುಳ್ಳಲ್ಲ. ಎಣ್ಣೆ ಬೆಲೆ ಬಿದ್ದು ಸಂಬಳವೇ ತಿಂಗಳುಗಟ್ಟಲೆ ಬರ್ತಿರಲಿಲ್ಲ. ಸೇನೆ ಬಂದಾಗ ಜನ ಖುಷಿಪಟ್ಟದ್ದೂ ಹೌದು, ಬೀದಿಯಲ್ಲಿ ಕುಣಿದದ್ದು ನಾನೇ ನೋಡಿದ್ದೇನೆ. ಆವತ್ತು ರೇಡಿಯೋದಲ್ಲಿ ದಂಗೆಯ ಪ್ರಕಟಣೆ ಓದಿದ ಬ್ರಿಗೇಡಿಯರ್ ಹೆಸರು ಸಾನಿ ಅಬಾಚಾ. ಹತ್ತು ವರ್ಷದ ಮೇಲೆ ಅವನೇ ದೊರೆಯಾದ. ಅವನು ಕದ್ದು ಹೊರಗೆ ಇಟ್ಟ ದುಡ್ಡನ್ನು ಸ್ವಿಟ್ಜರ್ಲೆಂಡ್ ಮತ್ತು ಬೇರೆ ದೇಶಗಳು ಅವನು ಸತ್ತು ಎಷ್ಟೋ ವರ್ಷದ ಮೇಲೂ ಕಂತುಕಂತಾಗಿ ವಾಪಸ್ ಕೊಡುತ್ತಿದ್ದವು.

“1984ರಲ್ಲಿ ಕೂತವರು ಬುಹಾರಿ. ಸಾಲು, ಕಪ್ಪೆ ಜಿಗಿತ ಎಲ್ಲ ನಿಜ. ಚಾಟಿ ಹಿಡಿದ ಸೈನಿಕರೂ ನಿಜ. ಫಾರ್ವರ್ಡ್ ಹೇಳದೇ ಬಿಟ್ಟದ್ದು ಬೇರೆ ಇದೆ. ಆ ವರ್ಷದ 4ನೇ ಆಜ್ಞೆ ಪ್ರಕಾರ, ಬರೆದದ್ದು ನಿಜವೇ ಆದರೂ ಸರ್ಕಾರಕ್ಕೆ ಮುಜುಗರವಾದರೆ ಜೈಲು. ಇಬ್ಬರು ಪತ್ರಕರ್ತರು ಒಂದು ವರ್ಷಕ್ಕೆ ಒಳಗೆ ಹೋದರು. ಮಾದಕ ವಸ್ತು ಸಾಗಿಸಿದ ಮೂವರು ಯುವಕರನ್ನು 1985ರ ಏಪ್ರಿಲ್‌ನಲ್ಲಿ ಗುಂಡಿಟ್ಟು ಕೊಂದರು. ಅವರು ತಪ್ಪು ಮಾಡಿದ ದಿನ ಅದಕ್ಕೆ ಮರಣದಂಡನೆ ಇರಲೇ ಇಲ್ಲ, ಕಾನೂನು ಆಮೇಲೆ ಬಂತು. ಇನ್ನು ಭ್ರಷ್ಟಾಚಾರ ಮಾಯವಾಗಲಿಲ್ಲ, ಬುಹಾರಿಯೇ ಮಾಯವಾದರು. 20 ತಿಂಗಳಿಗೆ ಅವರದೇ ಸೇನಾ ಮುಖ್ಯಸ್ಥ ಬಬಂಗಿಡಾ ಅವರನ್ನು ಇಳಿಸಿದ. ಅದೇ ಬಬಂಗಿಡಾ 1993ರ ಜೂನ್ 12ರ ಚುನಾವಣೆಯನ್ನು, ಅಬಿಯೋಲಾ ಗೆಲ್ಲುತ್ತಿದ್ದಾರೆ ಎಂದು ಗೊತ್ತಾದ ಮೇಲೆ, ರದ್ದು ಮಾಡಿದ. ಅಬಿಯೋಲಾ 1998ರಲ್ಲಿ ಬಂಧನದಲ್ಲೇ ಸತ್ತರು.

“ಈಗ ನೋಟಿನ ವಿಷಯ. 1984ರ ಏಪ್ರಿಲ್ ಕೊನೆಗೆ ದೇಶದ ಗಡಿ ಮುಚ್ಚಿ, ನೋಟಿನ ಬಣ್ಣ ಬದಲಾಯಿಸಿ, ಹಳೇದು ಕೆಲವೇ ದಿನದಲ್ಲಿ ಬ್ಯಾಂಕಿಗೆ ಕಟ್ಟಿ ಅಂದರು. ಅಪ್ಪ ಮದುವೆಗೆ ಅಂತ ಕೂಡಿಸಿದ್ದು ಟ್ರಂಕಿನಲ್ಲಿತ್ತು. ಬೆಳಿಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಬರ್ತಿದ್ದರು. ಚಪ್ಪಲಿಯಿಂದ ಮೊಳಕಾಲಿನವರೆಗೆ ಕೆಂಪು ಮಣ್ಣು. ಮೂರನೇ ದಿನ ಒಂದು ಚೀಟಿ ತಂದರು, ದುಡ್ಡಿಲ್ಲ. ವಿದೇಶಿ ಹಣ ಸಿಗುವುದಂತೂ ನಿಂತೇ ಹೋಗಿತ್ತು. ಯಾರನ್ನು ಕೇಳೋದು? ಸಂಸತ್ತು ಇಲ್ಲ, ಶಾಸಕರಿಲ್ಲ, ಪತ್ರಿಕೆಗೆ ಬರೆಯುವ ಹಾಗಿಲ್ಲ.

“ಅದೇ ಬುಹಾರಿ ಮೂರು ಸಲ ಸೋತು 2015ರಲ್ಲಿ ಓಟಿನಿಂದಲೇ ಬಂದರು. 2022ರ ಕೊನೆಗೆ ಮತ್ತೆ ನೋಟು ಬದಲಾಯಿಸಿದರು. ಮತ್ತೆ ಅದೇ ಸಾಲು, ಕೈಯಲ್ಲಿ ಕಾಸಿಲ್ಲದೆ ಜನ ಒದ್ದಾಡಿದರು. ಆದರೆ ಈ ಸಲ ಕೆಲವು ರಾಜ್ಯ ಸರ್ಕಾರಗಳು ಕೋರ್ಟಿಗೆ ಹೋದವು. 2023ರ ಮಾರ್ಚ್ 3ರಂದು ಸುಪ್ರೀಂ ಕೋರ್ಟು ಹಳೇ ನೋಟು ಆ ವರ್ಷದ ಕೊನೆವರೆಗೆ ನಡೆಯುತ್ತದೆ ಅಂದಿತು. ಮನುಷ್ಯ ಅವನೇ, ಮಾಡಿದ್ದೂ ಅದೇ. ಒಂದು ಸಲ ತಡೆಯೋರು ಇದ್ದರು, ಇನ್ನೊಂದು ಸಲ ಇರಲಿಲ್ಲ. ನಮ್ಮಪ್ಪ ಇದ್ದದ್ದು ಇರದ ಕಾಲದಲ್ಲಿ. ದೊಡ್ಡಪ್ಪ, ಇದನ್ನು ಅವರು ನಿಮಗೆ ಹೇಳಲಿಲ್ಲ. ಹೇಳಿದರೆ ನೆಪ ಅನ್ನಿಸುತ್ತೆ ಅಂತ ಇರಬೇಕು.”

ಕಳಿಸಿದ ಮೇಲೆ ಕೈ ನಡುಗಿತು. ದೊಡ್ಡಣ್ಣ “ಇಷ್ಟುದ್ದ ಯಾರು ಓದ್ತಾರೆ ಮಾರಾಯ್ತಿ” ಎಂದ. ನಮ್ಮಣ್ಣ “ಆ ಟ್ರಂಕ್ ಹಸಿರು ಬಣ್ಣದ್ದು ಅಲ್ವಾ?” ಎಂದು ಕೇಳಿದ. ಹಸಿರೇ. ಚಿಕ್ಕಮ್ಮನ ಮಗ ಆ ನೋಟಿಗೆ ಈಗ ಎಷ್ಟು ಬೆಲೆ ಬರಬಹುದು ಎಂದು ಕೇಳಿದ. ವಕೀಲೆ ಮಾತ್ರ ನನಗೆ ಬೇರೆಯಾಗಿ ಬರೆದಳು, “ಅಕ್ಕ, ಇದು ನನ್ನ ಅಮ್ಮನ ಮದುವೆ ಅಂತ ನನಗೆ ಇವತ್ತೇ ಹೊಳೆದದ್ದು.”

ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯ ಹೆಸರಿನ ಪಕ್ಕ ‘ರೆಕಾರ್ಡ್ ಮಾಡುತ್ತಿದ್ದಾರೆ’ ಎಂದು ಬಂತು. ನಿಂತಿತು. ಮತ್ತೆ ಬಂತು. ಅತ್ತೆ ಗುಂಪಿನಲ್ಲಿ ಮಾತಾಡುವವರಲ್ಲ, ಹಬ್ಬಕ್ಕೆ ಎರಡು ಕೈ ಮುಗಿದು ಸುಮ್ಮನಾಗುತ್ತಾರೆ. ಕೊನೆಗೆ ಬಂದದ್ದು ನಲವತ್ತು ಸೆಕೆಂಡಿನ ಧ್ವನಿ. ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಅಣ್ಣ, ಚಿಕ್ಕಣ್ಣ ಕಾಗದ ಬರೆದಿದ್ದ. ಮದುವೆ ಆಗಿ ತಿಂಗಳ ಮೇಲೆ ಇಲ್ಲಿಗೆ ಬಂತು, ನನ್ನ ಹೆಸರಿಗೆ. ಆಗಿನ್ನೂ ಹೊಸ ಮನೆ, ಅತ್ತೆ ಮಾವ ಎದುರಿಗೆ. ತವರಿನ ದುಡ್ಡಿನ ವಿಷಯ ಎತ್ತೋಕೆ ನಾಚಿಕೆ ಆಯ್ತು, ಎತ್ತಿಟ್ಟೆ. ಆಮೇಲೆ ನಿಮ್ಮಿಬ್ಬರಿಗೆ ಮಾತೇ ನಿಂತುಹೋಯ್ತು. ಹೇಳಬೇಕಿತ್ತು. ತಪ್ಪು ನನ್ನದು.”

ಹಿಂದೆಯೇ ಒಂದು ಫೋಟೋ. ನೀಲಿ ಏರೋಗ್ರಾಮ್, ಮೂರು ಮಡಿಕೆ, ಅಪ್ಪನ ಓರೆ ಅಕ್ಷರ. ದೊಡ್ಡದು ಮಾಡಿ ಓದಿದೆ. ‘ತಂಗೀ, ಮೂರು ದಿನ ಸಾಲಿನಲ್ಲಿ ನಿಂತೆ. ಹಳೇ ನೋಟು ಕಟ್ಟಿಸಿಕೊಂಡರು, ಹೊಸದು ಕೊಟ್ಟಿಲ್ಲ. ಕೇಳುವ ಹಾಗಿಲ್ಲ, ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಾರೆ. ಅಣ್ಣನಿಗೆ ಬರೆಯಲು ಧೈರ್ಯ ಬರುತ್ತಿಲ್ಲ. ನೀನೇ ಹೊತ್ತು ನೋಡಿ ಹೇಳು.’

ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಫಾರ್ವರ್ಡ್ ಮೇಲೆ ಎಲ್ಲೋ ಕಾಣದಷ್ಟು ದೂರ ಹೋಗಿತ್ತು. ದೊಡ್ಡಣ್ಣ ಅದನ್ನು ಅಳಿಸಲೂ ಇಲ್ಲ, ಮತ್ತೆ ಎತ್ತಲೂ ಇಲ್ಲ.

ನಾಲ್ಕೂವರೆಗೆ ದೊಡ್ಡಪ್ಪ ಬರೆದರು. ಬಾಯಲ್ಲಿ ಹೇಳಿ ಬರೆಸಿದ್ದಲ್ಲ, ಒಂದೊಂದೇ ಅಕ್ಷರ ಒತ್ತಿದ್ದು, ಎರಡು ಕಡೆ ಕಾಗುಣಿತ ತಪ್ಪಿತ್ತು.

“ಅಕ್ಷರ ಸಣ್ಣದು ಕಾಣುವುದಿಲ್ಲ. ಬೆಳಕಿಗೆ ಹಿಡಿದು ಇನ್ನೊಂದು ಸಲ ತೆಗೆದು ಕಳಿಸಮ್ಮ.”