ಇಬ್ಬರು ಗೆಳತಿಯರಿಗೆ ಮಕ್ಕಳ ಗದ್ದಲವಿಲ್ಲದ ಕ್ರೂಸ್: ಯಾವ ಹಡಗು ಆರಿಸಬೇಕು?

ಪ್ರಶ್ನೆ – ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವಳು, ನನ್ನ ಗೆಳತಿ ಕಾರವಾರದವಳು. ಧಾರವಾಡದ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದ ನಮ್ಮಿಬ್ಬರಿಗೂ ಈಗ ನಲವತ್ತೈದು ದಾಟಿದೆ. ಇಬ್ಬರಿಗೂ ಎರಡೆರಡು ಮಕ್ಕಳು. ‘ಒಮ್ಮೆ ನಾವಿಬ್ಬರೇ ಎಲ್ಲಿಗಾದರೂ ಹೋಗಬೇಕು’ ಎಂದು ಇಪ್ಪತ್ತು ವರ್ಷಗಳಿಂದ ಹೇಳಿಕೊಳ್ಳುತ್ತಲೇ ಬಂದಿದ್ದೆವು. ಈ ಸಲ ಮಕ್ಕಳನ್ನು ಅವರವರ ಅಪ್ಪಂದಿರಿಗೂ ಅಜ್ಜಿಯರಿಗೂ ಒಪ್ಪಿಸಿ ಏಳೆಂಟು ದಿನ ಹೊರಡುವುದೆಂದು ನಿಶ್ಚಯವಾಗಿದೆ. ಅಡಿಕೆ ಕೊಯ್ಲು, ಸುಲಿಯುವುದು, ಒಣಗಿಸುವುದು ಎಲ್ಲ ಒಂದು ಹಂತಕ್ಕೆ ಬರುವ ಫೆಬ್ರವರಿಯಲ್ಲಿ ನನಗೆ ಬಿಡುವು. ಮುಂದಿನ ಫೆಬ್ರವರಿ ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷಕ್ಕೆ ಸೇರಿದ್ದರಿಂದ ಮನೆ ತುಂಬ ನೆಂಟರು ಬರುವ ಪ್ರಮೇಯವೂ ಇಲ್ಲ.

ಹಡಗಿನಲ್ಲೇ ಹೋಗಬೇಕೆಂಬುದು ಗೆಳತಿಯ ಹಠ. ಅವಳ ಅಜ್ಜ ಮುಂಬೈಯಿಂದ ಆಗಬೋಟು ಹತ್ತಿ ಕಾರವಾರದಲ್ಲಿ ಇಳಿಯುತ್ತಿದ್ದ ಕತೆಯನ್ನು ಅವಳು ನನಗೆ ನೂರು ಸಲ ಹೇಳಿದ್ದಾಳೆ. ನನಗಾದರೋ ದೇವಿಮನೆ ಘಟ್ಟ ಇಳಿಯುವಾಗಲೇ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ. ಸಮುದ್ರದಲ್ಲಿ ನಾಲ್ಕೈದು ರಾತ್ರಿ ಏನು ಗತಿ ಎಂಬ ಚಿಂತೆಯಿದೆ.

ನಮ್ಮ ಮುಂದೆ ಈಗ ನಾಲ್ಕು ದಾರಿಗಳಿವೆ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾದಲ್ಲಿ ಲಕ್ಷದ್ವೀಪಕ್ಕೆ ಹೋಗುವುದು ಒಂದು. ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ ರೆಸಾರ್ಟ್ಸ್ ವರ್ಲ್ಡ್ ಕಂಪನಿಯ ಗೆಂಟಿಂಗ್ ಡ್ರೀಮ್ ಹತ್ತುವುದು ಇನ್ನೊಂದು. ಅಲ್ಲಿಂದಲೇ ರಾಯಲ್ ಕೆರಿಬಿಯನ್ ಹಡಗಿನಲ್ಲಿ ಹೋಗುವುದು ಮೂರನೆಯದು. ಮಕ್ಕಳಿಗೆ ಪ್ರವೇಶವೇ ಇಲ್ಲದ ಹಡಗುಗಳೂ ಇವೆಯೆಂದು ಗೆಳತಿ ಎಲ್ಲೋ ಓದಿದ್ದಾಳೆ, ಅದು ನಾಲ್ಕನೆಯದು. ವಿಮಾನ, ವೀಸಾ ಎಲ್ಲ ಸೇರಿ ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿಯ ಒಳಗೆ ಮುಗಿಯಬೇಕು. ನಾನು ಸಸ್ಯಾಹಾರಿ, ಈರುಳ್ಳಿ–ಬೆಳ್ಳುಳ್ಳಿಯೂ ಅಷ್ಟಕ್ಕಷ್ಟೆ. ಅವಳಿಗೆ ಮೀನಿಲ್ಲದೆ ಊಟ ಸೇರದು, ಸಂಜೆ ಒಂದು ಲೋಟ ವೈನೂ ಆಗಬಹುದು. ಜೂಜು, ಡಿಸ್ಕೋ, ಜಾರುಬಂಡೆ ಯಾವುದೂ ನಮಗೆ ಬೇಡ. ಎದುರಿಗೆ ಸಮುದ್ರ, ಕೈಯಲ್ಲಿ ಪುಸ್ತಕ, ಯಾರೂ ‘ಅಮ್ಮಾ’ ಎಂದು ಕರೆಯದ ಎರಡು ತಾಸು: ನಾವು ಕೇಳುತ್ತಿರುವುದು ಇಷ್ಟೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ – ಕುಮಟಾದಿಂದ

ಅಕ್ಕ, ನಾನು ನನ್ನ ಚಿಕ್ಕಮ್ಮನ ಮಗಳ ಜೊತೆ 2024ರ ಫೆಬ್ರವರಿಯಲ್ಲಿ ಸಿಂಗಾಪುರದಿಂದ ರಾಯಲ್ ಕೆರಿಬಿಯನ್‌ನ ಸ್ಪೆಕ್ಟ್ರಮ್ ಆಫ್ ದಿ ಸೀಸ್ ಹಡಗಿನಲ್ಲಿ ಪೆನಾಂಗ್ ಮತ್ತು ಫುಕೆಟ್ ನೋಡಿ ಬಂದೆ. ಆ ಅನುಭವದ ಮೇಲೆ ಹೇಳುವುದಾದರೆ, ಕಂಪನಿಯನ್ನು ಆರಿಸುವ ಮೊದಲು ತಾರೀಖನ್ನು ಆರಿಸಿ. ನೀವು ಹೆಸರಿಸಿದ ಮೊದಲ ಮೂರೂ ಹಡಗುಗಳು ಕುಟುಂಬಗಳಿಗಾಗಿಯೇ ಇರುವಂಥವು. ಶಾಲೆಗೆ ರಜೆ ಇದ್ದರೆ ಮೂರರಲ್ಲೂ ಮಕ್ಕಳು ತುಂಬಿರುತ್ತಾರೆ, ಶಾಲೆ ನಡೆಯುತ್ತಿದ್ದರೆ ಮೂರೂ ತಕ್ಕಮಟ್ಟಿಗೆ ಶಾಂತವಾಗಿರುತ್ತವೆ. ಸಿಂಗಾಪುರದ ಶಾಲೆಗಳಿಗೆ ಮಾರ್ಚ್ ಮಧ್ಯದಲ್ಲಿ ಒಂದು ವಾರ, ಜೂನ್ ತಿಂಗಳು, ಸೆಪ್ಟೆಂಬರಿನಲ್ಲಿ ಒಂದು ವಾರ ಮತ್ತು ನವೆಂಬರ್ ಕೊನೆಯಿಂದ ವರ್ಷಾಂತ್ಯದವರೆಗೆ ರಜೆ. ಇದರ ಜೊತೆಗೆ ಚೀನೀ ಹೊಸ ವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಯಾವುದೋ ಒಂದು ದಿನ ಬೀಳುತ್ತದೆ. ಆ ವಾರ ಅಜ್ಜ–ಅಜ್ಜಿ–ಮೊಮ್ಮಕ್ಕಳ ಸಮೇತ ಇಡೀ ಮನೆತನಗಳೇ ಹಡಗು ಹತ್ತುತ್ತವೆ, ದರವೂ ಏರುತ್ತದೆ. ಆದ್ದರಿಂದ ಫೆಬ್ರವರಿಯ ಕೊನೆಯ ವಾರ, ಅದರಲ್ಲೂ ಸೋಮವಾರ ಹೊರಟು ಶುಕ್ರವಾರ ಮರಳುವ ನಾಲ್ಕು ರಾತ್ರಿಯ ಪ್ರಯಾಣ ಸಿಕ್ಕರೆ ಬಿಡಬೇಡಿ.

ನೀವು ಕೇಳಿದ ಆ ಎರಡು ತಾಸು ನನಗೆ ಸಿಕ್ಕಿದ್ದು ಸೋಲೇರಿಯಂ ಎಂಬ ಜಾಗದಲ್ಲಿ. ಗಾಜಿನ ಮಾಡಿನ ಕೆಳಗೆ ಈಜುಕೊಳ, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಒರಗುಕುರ್ಚಿಗಳು. 16 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಬೇರೆ ಶುಲ್ಕವೂ ಇಲ್ಲ. ಹೊರಗಿನ ಕೊಳದ ಬಳಿ ಐಸ್‌ಕ್ರೀಮ್ ಯಂತ್ರದ ಮುಂದೆ ಮಕ್ಕಳ ಸಾಲು ನಿಂತಿದ್ದಾಗ ಈ ಬಾಗಿಲಿನೊಳಗೆ ಪುಟ ಮಗುಚುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಒಂಬತ್ತರೊಳಗೆ ಹೋಗದಿದ್ದರೆ ಮಾತ್ರ ಮುಂದಿನ ಸಾಲಿನ ಕುರ್ಚಿ ಸಿಗದು.

ಇನ್ನು ಖರ್ಚಿನ ಸಂಗತಿ. ಟಿಕೆಟ್ಟಿನಲ್ಲಿ ಕಾಣದ ಮೂರು ಬಾಬುಗಳಿವೆ. ಸಿಬ್ಬಂದಿಯ ಭಕ್ಷೀಸನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತಾರೆ. ನಾವು ಹೋದಾಗ ಅದು ಸಾಮಾನ್ಯ ಕ್ಯಾಬಿನ್ನಿಗೆ ಒಬ್ಬರಿಗೆ ದಿನಕ್ಕೆ 18 ಡಾಲರ್ ಇತ್ತು. ವೈಫೈಗೆ ಬೇರೆ ದುಡ್ಡು. ಮೂರನೆಯದು ನಿಮ್ಮ ಗೆಳತಿಯ ವೈನು: ಒಂದೇ ಕ್ಯಾಬಿನ್ನಿನ ವಯಸ್ಕರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಉಳಿದವರೂ ಕೊಳ್ಳಲೇಬೇಕೆಂಬ ನಿಯಮ ರಾಯಲ್ ಕೆರಿಬಿಯನ್‌ನಲ್ಲಿದೆ. ನೀವು ಕುಡಿಯದವರಾದ್ದರಿಂದ ಪ್ಯಾಕೇಜಿನ ಗೋಜಿಗೆ ಹೋಗದೆ ಅವರು ಲೋಟದ ಲೆಕ್ಕದಲ್ಲಿ ಕೊಳ್ಳುವುದೇ ಲೇಸು.

ಮತ್ತೊಂದು ಮಾತು. ನಮ್ಮ ಏಜೆಂಟರು ‘ಇಬ್ಬರಿಗೆ ಕ್ಯಾಬಿನ್’ ಎಂದಷ್ಟೇ ಬುಕ್ ಮಾಡಿದ್ದರು. ಬಾಗಿಲು ತೆರೆದರೆ ಒಂದೇ ದೊಡ್ಡ ಮಂಚ, ಅದರ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಎರಡು ಟವೆಲ್ಲು! ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಸಂಜೆಯೊಳಗೆ ಅದನ್ನು ಎರಡು ಮಂಚವಾಗಿ ಬೇರ್ಪಡಿಸಿ ಕೊಟ್ಟನೆನ್ನಿ. ಆದರೂ ನೀವು ಬುಕ್ ಮಾಡುವಾಗಲೇ ಬೇರೆ ಬೇರೆ ಮಂಚ ಬೇಕೆಂದು ಬರೆಸಿಕೊಳ್ಳಿ.

ಉತ್ತರ – ಕಾರವಾರ, ಬೈತಕೋಲದಿಂದ

ತಂಗಿ, ನಾನು ಸರಕು ಹಡಗುಗಳ ಎಂಜಿನ್ ವಿಭಾಗದಲ್ಲಿ ಎರಡು ದಶಕ ಕೆಲಸ ಮಾಡಿ ನಿವೃತ್ತನಾದವನು. ಪ್ರವಾಸಿ ಹಡಗಿನ ವೈಭೋಗದ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ಹೊಟ್ಟೆ ತೊಳಸುವ ವಿಷಯವನ್ನೂ ಜಾಗದ ಲೆಕ್ಕವನ್ನೂ ಮಾತ್ರ ನಾನು ಹೇಳುತ್ತೇನೆ.

ಹಡಗಿನ ‘ಗ್ರಾಸ್ ಟನ್ನೇಜ್’ ಎಂಬುದು ತೂಕವಲ್ಲ, ಒಳಗಿನ ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗವೆಂಬ ಅಂದಾಜು ಸಿಗುತ್ತದೆ. ಕಾರ್ಡೇಲಿಯಾದ ಎಂಪ್ರೆಸ್ ಹಡಗು 1990ರಲ್ಲಿ ಬೇರೆ ಹೆಸರಿನಲ್ಲಿ ಸೇವೆಗಿಳಿದದ್ದು. ಅದರ ಅಳತೆ 48,563, ಕ್ಯಾಬಿನ್ನಿಗೆ ಇಬ್ಬರಂತೆ ಸುಮಾರು 1,600 ಜನ, ಅಂದರೆ ತಲೆಗೆ 30. ಗೆಂಟಿಂಗ್ ಡ್ರೀಮ್ 2016ರದ್ದು. 1,50,695ಕ್ಕೆ 3,352 ಜನ, ತಲೆಗೆ 45ರಷ್ಟು. ಮೇಲೆ ಹೇಳಿದ ಸ್ಪೆಕ್ಟ್ರಮ್ 1,69,379ಕ್ಕೆ 4,246, ಸುಮಾರು 40. ಸಿಂಗಾಪುರಕ್ಕೆ ಬರುವ ರಾಯಲ್ ಕೆರಿಬಿಯನ್ ಹಡಗು ಸೀಸನ್ನಿಗೊಂದರಂತೆ ಬದಲಾಗುವುದರಿಂದ, ನೀವು ಹೋಗುವ ತಿಂಗಳಲ್ಲಿ ಯಾವುದಿದೆಯೆಂದು ನೋಡಿ ಇದೇ ಲೆಕ್ಕವನ್ನು ಹಾಕಿಕೊಳ್ಳಿ. ಕ್ಯಾಬಿನ್ನಿಗೆ ಮೂರನೆಯ, ನಾಲ್ಕನೆಯ ಹಾಸಿಗೆ ಹಾಕಿದಾಗ, ಅಂದರೆ ಮಕ್ಕಳು ಬಂದಾಗ, ಈ ಅಂಕಿ ಇಳಿಯುತ್ತದೆಂಬುದು ನಿಮಗೆ ಮುಖ್ಯ.

ಮಕ್ಕಳನ್ನು ಹತ್ತಿಸಿಕೊಳ್ಳದ ಹಡಗುಗಳಿರುವುದು ನಿಜ. ವರ್ಜಿನ್ ವಾಯೇಜಸ್ ಮತ್ತು ವೈಕಿಂಗ್ ಕಂಪನಿಗಳವು 18 ತುಂಬಿದವರಿಗೆ ಮಾತ್ರ. ಇಂಗ್ಲೆಂಡಿನ ಪಿ ಆಂಡ್ ಓ ಕಂಪನಿಯ ಆರ್ಕೇಡಿಯಾ, ಅರೋರಾ ಕೂಡ ಹಾಗೆಯೇ. ನಿಮ್ಮ ಮನಸ್ಸಿಗೆ ಬಹುಶಃ ವೈಕಿಂಗೇ ಹೆಚ್ಚು ಹಿಡಿಸೀತು: ಸಾವಿರದೊಳಗಿನ ಜನ, ಜೂಜುಕಟ್ಟೆಯೇ ಇಲ್ಲ. ಆದರೆ ಅದರ ದರ ನಿಮ್ಮ ಒಂದೂವರೆ ಲಕ್ಷಕ್ಕೆ ನಿಲುಕುವಂಥದ್ದಲ್ಲ. ವರ್ಜಿನ್ ಹತ್ತಲು ಮಯಾಮಿಗೋ ಬಾರ್ಸಿಲೋನಾಕ್ಕೋ ಹೋಗಬೇಕು, ಅಮೆರಿಕದ ಅಥವಾ ಯುರೋಪಿನ ಷೆಂಗೆನ್ ವೀಸಾ ಬೇಕು. ಹಡಗು ಹತ್ತುವ ಮೊದಲೇ ನಿಮ್ಮ ದುಡ್ಡಿನ ಬಹುಭಾಗ ವಿಮಾನಕ್ಕೆ ಸಂದಿರುತ್ತದೆ. ಐವತ್ತು ತುಂಬಿದಾಗ ಅದನ್ನು ಯೋಚಿಸಿ.

ದೇವಿಮನೆ ಘಟ್ಟದ ತೊಂದರೆಯೂ ಸಮುದ್ರದ ತೊಂದರೆಯೂ ಮೂಲದಲ್ಲಿ ಒಂದೇ. ಒಳಕಿವಿ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ, ಬಸ್ಸಿನೊಳಗೆ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ಆ ಜಗಳ ಹೊಟ್ಟೆಗೆ ಬರುತ್ತದೆ. ಆದ್ದರಿಂದ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗವೆಂದು ನೀವು ಕೊಳ್ಳಬೇಡಿ. ಬಾಲ್ಕನಿ ಆಗದಿದ್ದರೆ ಕಿಟಕಿಯಾದರೂ ಇರಲಿ, ದಿಗಂತ ಕಂಡರೆ ಅರ್ಧ ಸಮಾಧಾನ. ತಕ್ಕಡಿಯ ನಡುಮುಳ್ಳು ಹೆಚ್ಚು ಅಲುಗದ ಹಾಗೆ ಹಡಗಿನ ನಡುಭಾಗ ಕಡಿಮೆ ಏರಿಳಿಯುತ್ತದೆ. ಮುಂತುದಿಯಲ್ಲೂ ಮೇಲಿನ ಅಂತಸ್ತುಗಳಲ್ಲೂ ತೂಗಾಟ ಜಾಸ್ತಿ. ನಡುವಿನ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ದೊಡ್ಡ ಹಡಗುಗಳ ಎರಡೂ ಬದಿಗೆ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಜರ್‌ಗಳಿರುತ್ತವೆ. ಅವು ಅಡ್ಡ ಹೊರಳಾಟವನ್ನು ತಗ್ಗಿಸುತ್ತವೆ, ಮುಂದೆ ಹಿಂದೆ ಏಳುಬೀಳುವುದನ್ನು ಅಷ್ಟಾಗಿ ತಡೆಯಲಾರವು. ಬಸ್ಸಿಗೆ ನೀವು ನುಂಗುವ ಮಾತ್ರೆಯೇ ಇಲ್ಲಿಯೂ ನಡೆದೀತು. ಹೊಟ್ಟೆ ತೊಳಸಲು ಸುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆಗಳಿಗೆ ನಿದ್ದೆ ಬರುವುದರಿಂದ ನಿಮ್ಮ ಡಾಕ್ಟರರನ್ನು ಕೇಳಿಕೊಳ್ಳಿ.

ಫೆಬ್ರವರಿಯಲ್ಲಿ ನಮ್ಮ ಅರಬ್ಬೀ ಸಮುದ್ರವೂ ಮಲಾಕ್ಕಾ ಜಲಸಂಧಿಯೂ ಸಾಮಾನ್ಯವಾಗಿ ಶಾಂತ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ನಮ್ಮ ಬೋಟುಗಳೇ ದಕ್ಕೆಯಲ್ಲಿ ಕಟ್ಟಿರುವ ದಿನಗಳಲ್ಲಿ ಯಾರಾದರೂ ಕಡಿಮೆ ದರ ತೋರಿಸಿದರೆ ಮರುಳಾಗಬೇಡಿ. ಲಕ್ಷದ್ವೀಪದ ಬಗ್ಗೆ ಒಂದು ಎಚ್ಚರಿಕೆಯ ಮಾತು: ಅಲ್ಲಿ ಇಂಥ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ, ದೂರದಲ್ಲಿ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಅಲೆ ಎದ್ದ ದಿನ ಇಳಿಸದೆಯೂ ಹೋಗಬಹುದು, ಕಪ್ತಾನನ ಮಾತೇ ಕೊನೆ.

ಉತ್ತರ – ಮುಂಬೈಯಿಂದ, ಊರು ಅಂಕೋಲಾ

ಕಾರ್ಡೇಲಿಯಾದ ಪರವಾಗಿಯೂ ಯಾರಾದರೂ ನಾಲ್ಕು ಮಾತು ಹೇಳಬೇಕಲ್ಲ. ಪಾಸ್‌ಪೋರ್ಟಿನ ರಗಳೆಯಿಲ್ಲ, ದೇಶದೊಳಗಿನ ಪ್ರಯಾಣಕ್ಕೆ ಗುರುತಿನ ಚೀಟಿ ಸಾಕು. ಜೈನ ಅಡುಗೆ ಸಿಗುವುದರಿಂದ ಈರುಳ್ಳಿ–ಬೆಳ್ಳುಳ್ಳಿಯ ಪ್ರಶ್ನೆ ಏಳುವುದಿಲ್ಲ. ರೈಲಿನಲ್ಲಿ ಮುಂಬೈಗೆ ಬಂದರೆ ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಟ್ಯಾಕ್ಸಿಗೆ ಹತ್ತಿರ. ಆದರೆ ಶುಕ್ರವಾರ ಹೊರಡುವ ಎರಡು ರಾತ್ರಿಯ ಪ್ರಯಾಣಗಳಿಗೆ ಆಫೀಸಿನ ಗುಂಪುಗಳೂ ಹುಟ್ಟುಹಬ್ಬದ ಗುಂಪುಗಳೂ ಬರುತ್ತವೆ, ಡೆಕ್ಕಿನ ಸಂಗೀತ ತಡರಾತ್ರಿಯವರೆಗೂ ನಡೆಯುತ್ತದೆ. ನಿಮ್ಮ ಪುಸ್ತಕಕ್ಕೆ ಅದು ಜಾಗವಲ್ಲ. ಇನ್ನು ಮುಂಬೈ–ಗೋವಾ ಸುತ್ತು ಕಾರವಾರದವರಿಗೆ ಹೇಳಿಸಿದ್ದೇ ಅಲ್ಲ. ರಾತ್ರಿಯಿಡೀ ರೈಲಿನಲ್ಲಿ ಮುಂಬೈಗೆ ಹೋಗಿ, ದುಡ್ಡು ಕೊಟ್ಟು ಹಡಗು ಹತ್ತಿ ಮುರ್ಮುಗಾವಿಗೆ ಬಂದು ಇಳಿದರೆ ಮನೆ ಅಲ್ಲಿಂದ ಹತ್ತಿರದಲ್ಲೇ ಇರುತ್ತದೆ!

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೈತಕೋಲದ ಅಣ್ಣನವರ ಭಾಗಾಕಾರವನ್ನು ಗೆಳತಿಗೆ ಫೋನಿನಲ್ಲಿ ಓದಿ ಹೇಳಿದೆ. ವೈಕಿಂಗಿನ ಹೆಸರನ್ನು ಅವಳು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಸದ್ಯಕ್ಕೆ ಸಿಂಗಾಪುರವೆಂದೂ ಫೆಬ್ರವರಿಯ ಕೊನೆಯ ವಾರವೆಂದೂ ತೀರ್ಮಾನವಾಯಿತು. ಉಳಿದದ್ದು ಗೆಂಟಿಂಗ್ ಡ್ರೀಮೋ ರಾಯಲ್ ಕೆರಿಬಿಯನ್ನೋ ಎಂಬ ಪ್ರಶ್ನೆ ಮಾತ್ರ. ಊಟದ ದೃಷ್ಟಿಯಿಂದ ಯಾವುದು ಮೇಲು?

ಉತ್ತರ – ಕುಮಟಾದಿಂದ

ಊಟವೊಂದನ್ನೇ ನೋಡಿದರೆ ಗೆಂಟಿಂಗ್ ಡ್ರೀಮ್, ಅಕ್ಕ. ಭಾರತದಿಂದ ಹೋಗುವವರು ಅದರಲ್ಲಿ ಬಹಳ ಮಂದಿ, ಸಸ್ಯಾಹಾರಿ ಮತ್ತು ಜೈನ ಅಡುಗೆಗೆ ಅವರು ವಿಶೇಷ ಗಮನ ಕೊಡುತ್ತಾರೆ. ಆದರೆ ಅದರಲ್ಲಿ ಜೂಜಿಗೂ ಗದ್ದಲಕ್ಕೂ ಮಹತ್ವ ಹೆಚ್ಚು. ನನ್ನನ್ನು ಕೇಳಿದರೆ ನಿಮ್ಮಿಬ್ಬರಿಗೆ ಸೋಲೇರಿಯಂ ಇರುವ ಹಡಗೇ ಸರಿ. ಊಟಕ್ಕೆ ಉಪಾಯವಿದೆ: ಬುಕ್ ಮಾಡುವಾಗಲೇ ಜೈನ ಊಟವೆಂದು ಬರೆಸಿ, ಮೊದಲ ರಾತ್ರಿ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮರುದಿನಕ್ಕೇನು ಬೇಕೆಂದು ಹೇಳಿ. ನಮಗೆ ಎರಡನೆಯ ರಾತ್ರಿಯಿಂದ ಬೇಳೆ, ಪಲ್ಯ, ರೊಟ್ಟಿ ಬಿಸಿಬಿಸಿಯಾಗಿ ಬಂದವು; ಮೊದಲ ರಾತ್ರಿ ಮಾತ್ರ ಬೇಯಿಸಿದ ತರಕಾರಿ. ನಿಮ್ಮ ಗೆಳತಿಗೆ ಮೀನಿನ ಕೊರತೆಯಾಗದು, ಬಂಗಡೆ ಸಾರಿನ ರುಚಿ ಮಾತ್ರ ನಿರೀಕ್ಷಿಸದಿರಲಿ. ಹಡಗು ಪೆನಾಂಗಿಗೆ ಹೋಗುವುದಾದರೆ ಅಲ್ಲಿ ದಕ್ಕೆಗೇ ತಾಗಿ ನಿಲ್ಲುತ್ತದೆ; ಇಳಿದು ನಡೆದು ಹೋಗುವಷ್ಟು ದೂರದಲ್ಲಿ ಜಾರ್ಜ್ ಟೌನಿನ ಲಿಟಲ್ ಇಂಡಿಯಾ ಇದೆ, ಬಾಳೆಲೆಯ ಊಟ ಸಿಗುತ್ತದೆ. ಫುಕೆಟ್‌ನಲ್ಲಿ ನಮ್ಮನ್ನು ಸಣ್ಣ ದೋಣಿಯಲ್ಲಿ ಪಟಾಂಗ್ ದಂಡೆಗೆ ಇಳಿಸಿದರು, ಆಗ ಮಾತ್ರೆ ಕಿಸೆಯಲ್ಲಿರಲಿ.

ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು. ಹಡಗಿನಲ್ಲಿ ಹೊರಗೆ ಹೋಗಿ ಮತ್ತೆ ಒಳಗೆ ಬರುವವರಾದ್ದರಿಂದ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅನುಮತಿಯಿರುವ ವೀಸಾ ಆಗಿರಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿಕೊಳ್ಳಿ. ಹಡಗು ಹೊರಡುವ ದಿನವೇ ಸಿಂಗಾಪುರ ತಲುಪುವ ವಿಮಾನ ಬೇಡ, ಹಿಂದಿನ ದಿನ ಹೋಗಿ ಒಂದು ರಾತ್ರಿ ತಂಗಿ. ವಿಮಾನ ಬೆಂಗಳೂರಿನಿಂದ. ಗೆಳತಿಯವರು ಕಾರವಾರದಲ್ಲಿ ಪಂಚಗಂಗಾ ರೈಲು ಹತ್ತಲಿ. ನೀವು ಕುಮಟಾಕ್ಕೆ ಬಂದು ಅದನ್ನೇ ಹಿಡಿಯುವ ಬದಲು ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಹೋಗಿ. ದೇವಿಮನೆ ಘಟ್ಟ ಇಳಿಯುವುದಾದರೂ ತಪ್ಪುತ್ತದೆ.